ಹಾಬ್ಸ್ ಮೀಟರ್ ತಿರುಗಿದಷ್ಟೇ ಸಂಬಳ: ಅಮೆರಿಕದ ಫ್ಲೈಯಿಂಗ್ ಸ್ಕೂಲೊಂದರ ಪ್ರಕರಣ ಅಧ್ಯಯನ

ಸೆಸ್ನಾ 172 ವಿಮಾನದ ಪ್ಯಾನೆಲ್‌ನಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಕಿಟಕಿ. ಅದರೊಳಗೆ ಹಳೇ ಸ್ಕೂಟರಿನ ಕಿಲೋಮೀಟರ್ ಅಂಕಿಗಳಂತೆ ಒಂದು ಎಣಿಕೆ ಹೊರಳುತ್ತಿರುತ್ತದೆ. ಕೊನೆಯ ಅಂಕಿ ಒಂದು ಮನೆ ಸರಿಯಲು 6 ನಿಮಿಷ, ಅಂದರೆ ಗಂಟೆಯ ಹತ್ತನೇ ಒಂದು ಪಾಲು. 172ಎಸ್ ಮಾದರಿಯಲ್ಲಿ ಎಂಜಿನ್ನಿನ ಆಯಿಲ್ ಪ್ರೆಷರ್ 20 ಪಿಎಸ್‌ಐ ದಾಟಿದರೆ ಅದು ಓಡಲು ಶುರು, ಎಂಜಿನ್ ನಿಂತರೆ ಅದೂ ನಿಂತಿತು. ಅದೇ ಹಾಬ್ಸ್ ಮೀಟರ್. ವಿಮಾನದ ಬಾಡಿಗೆಯನ್ನು ಲೆಕ್ಕ ಹಾಕಲೆಂದು ಇಟ್ಟ ಈ ಪೆಟ್ಟಿಗೆಯನ್ನೇ ಅಮೆರಿಕದ ಎಷ್ಟೋ ಫ್ಲೈಯಿಂಗ್ ಸ್ಕೂಲುಗಳು ಇನ್‌ಸ್ಟ್ರಕ್ಟರ್ ಸಂಬಳಕ್ಕೂ ಅಳತೆಗೋಲು ಮಾಡಿಕೊಂಡಿವೆ. ಬೆಂಗಳೂರಿನ ಆಟೋ ಮೀಟರ್ ಕೂಡ ಕಾಯುವ ಹೊತ್ತಿಗೆ ದುಡ್ಡು ಎಣಿಸುತ್ತದೆ. ಹಾಬ್ಸ್‌ಗೆ ಆ ದಾಕ್ಷಿಣ್ಯವೂ ಇಲ್ಲ.

ಇಲ್ಲಿ ಬಿಡಿಸಿ ನೋಡುವುದು ಈ ಏರ್ಪಾಡಿನ ಒಂದು ಮಾದರಿ ಪ್ರಕರಣ. ಸ್ಥಳ ದಕ್ಷಿಣ ಕ್ಯಾಲಿಫೋರ್ನಿಯಾದ ಕರಾವಳಿಯ ಒಂದು ಚಿಕ್ಕ ವಿಮಾನ ನಿಲ್ದಾಣ, ಕಾಲ 2025ರ ಜೂನ್. ಶಾಲೆಯನ್ನೂ ಇನ್‌ಸ್ಟ್ರಕ್ಟರ್‌ನನ್ನೂ ಲೆಕ್ಕ ಬಿಡಿಸಲೆಂದೇ ಕಟ್ಟಿಕೊಂಡದ್ದು. ಅವರ ದರ, ಗಂಟೆಗಳೂ ಹಾಗೆಯೇ. ಕಾನೂನು, ನಿಯಮ, ಕನಿಷ್ಠ ಕೂಲಿ ಮಾತ್ರ ಇದ್ದದ್ದು ಇದ್ದಂತೆ. ಇನ್‌ಸ್ಟ್ರಕ್ಟರ್ ಭಾರತದಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋಗಿ, ಕೋರ್ಸ್ ಮುಗಿಸಿ, ಈಗ ಓದಿನ ನಂತರ ಸ್ವಲ್ಪ ಕಾಲ ದುಡಿಯಲು ಬಿಡುವ ಒಪಿಟಿ ಪರವಾನಗಿಯಲ್ಲಿ ಕೆಲಸಕ್ಕಿರುವ ಹುಡುಗ ಎಂದಿಟ್ಟುಕೊಳ್ಳೋಣ. ದಾವಣಗೆರೆ, ಮಂಗಳೂರುಗಳಿಂದ ಪೈಲಟ್ ಆಗಲು ಹೋಗುವ ಮಕ್ಕಳ ಮನೆಯವರು ಶಾಲೆಯ ಫೀಸನ್ನು ಪೈಸೆ ಪೈಸೆ ಲೆಕ್ಕ ಹಾಕಿರುತ್ತಾರೆ. ಆಮೇಲೆ ಅದೇ ಶಾಲೆಯಲ್ಲಿ ಸಿಗುವ ಕೆಲಸದ ಲೆಕ್ಕ ಹಾಕಿದವರು ಕಡಿಮೆ.

ಒಪ್ಪಂದದಲ್ಲಿ ಏನಿದೆ

ಎರಡೇ ಪುಟದ ಒಪ್ಪಂದ. ವಿದ್ಯಾರ್ಥಿಯಿಂದ ಶಾಲೆ ಇನ್‌ಸ್ಟ್ರಕ್ಟರ್ ಬಾಬ್ತು ಗಂಟೆಗೆ 80 ಡಾಲರ್ ವಸೂಲು ಮಾಡುತ್ತದೆ, ಅದರಲ್ಲಿ 40 ಇನ್‌ಸ್ಟ್ರಕ್ಟರ್‌ಗೆ. ಗಂಟೆ ಎಂದರೆ ಹಾಬ್ಸ್ ಗಂಟೆ. ವಿದ್ಯಾರ್ಥಿಗೆ ಬಿಲ್ ಆಗದ ಹೊತ್ತಿಗೆ ಸಂಬಳ ಇಲ್ಲ. ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ಎರಡೆರಡು ಗಂಟೆಯ ಸ್ಲಾಟುಗಳು, ಅವುಗಳನ್ನು ತುಂಬುವುದು ಶಾಲೆಯ ಆಫೀಸು. ಶಾಲೆಯ ಲಾಂಛನದ ಶರ್ಟು ಕಡ್ಡಾಯ. ಪಾಠ ಇಲ್ಲದಾಗ ಮುಂಭಾಗದ ಕೌಂಟರಿನಲ್ಲಿ ಕೂತು ಫೋನ್ ತೆಗೆಯಬೇಕು, ವಿಮಾನದ ಗಾಜು ಒರೆಸಬೇಕು. ಶಾಲೆಯ ವಿದ್ಯಾರ್ಥಿಗಳಿಗೆ ಹೊರಗೆ ಪಾಠ ಹೇಳುವಂತಿಲ್ಲ. ವಿಮಾನಕ್ಕೆ ಪೆಟ್ಟಾದರೆ ವಿಮೆಯ ಡಿಡಕ್ಟಿಬಲ್, ಅಂದರೆ ವಿಮೆ ಭರಿಸದ ಮೊದಲ ಪಾಲು, ಇನ್‌ಸ್ಟ್ರಕ್ಟರ್ ತಲೆಗೆ. ಇಷ್ಟೆಲ್ಲ ಆದ ಮೇಲೆ ಕೊನೆಯ ಸಾಲು: ‘ನೀವು ಸ್ವತಂತ್ರ ಗುತ್ತಿಗೆದಾರರು. ವರ್ಷದ ಕೊನೆಗೆ 1099 ಫಾರ್ಮ್ ಕೊಡಲಾಗುವುದು.’

1099 ಎಂದರೆ ನೌಕರರಲ್ಲದವರಿಗೆ ಕೊಟ್ಟ ಹಣವನ್ನು ತೋರಿಸುವ ತೆರಿಗೆ ಫಾರ್ಮ್. ಈ ಕೊನೆಯ ಸಾಲೂ ಅದರ ಮೇಲಿನ ಸಾಲುಗಳೂ ಒಂದಕ್ಕೊಂದು ಹೊಂದುವುದಿಲ್ಲ. ಅದಕ್ಕೆ ಆಮೇಲೆ ಬರೋಣ. ಮೊದಲು ಒಂದು ದಿನವನ್ನು ನೋಡೋಣ.

ಜೂನ್ ತಿಂಗಳ ಒಂದು ಮಂಗಳವಾರ

ಬೆಳಿಗ್ಗೆ 6:45ಕ್ಕೆ ಇನ್‌ಸ್ಟ್ರಕ್ಟರ್ ಹಾಜರು. ಈ ಕರಾವಳಿಯಲ್ಲಿ ಮೇ, ಜೂನ್ ಅಂದರೆ ಸಮುದ್ರದ ತಂಪು ಗಾಳಿಯ ಮೇಲೆ ಬಿಸಿ ಗಾಳಿ ಮುಚ್ಚಳದಂತೆ ಕೂತು, ಕೆಳಗೆ ಬೂದು ಮೋಡದ ಚಪ್ಪರ ಹಾಸುವ ಕಾಲ. ಮೋಡದ ತಳ 700 ಅಡಿ. ಟವರ್ ಇರುವ ನಿಲ್ದಾಣದಲ್ಲಿ ಸಾಮಾನ್ಯ ದೃಶ್ಯ ನಿಯಮದಡಿ ಹಾರಲು ಕನಿಷ್ಠ 1,000 ಅಡಿ ಸೀಲಿಂಗ್ (ಮೋಡದ ತಳದ ಎತ್ತರ), 3 ಮೈಲಿ ನೋಟ ಬೇಕು. ವಿಶೇಷ ಅನುಮತಿ ಪಡೆದು ಹೊರಡಬಹುದು ನಿಜ. ಆದರೆ ಹತ್ತು ಗಂಟೆಯೂ ಹಾರದ ವಿದ್ಯಾರ್ಥಿಗೆ ಆ ಹವೆಯಲ್ಲಿ ಕಲಿಸುವಂಥದ್ದೇನೂ ಇಲ್ಲ. 7ರ ಪಾಠ ರದ್ದು. ವಿದ್ಯಾರ್ಥಿ ಬಂದದ್ದು ವ್ಯರ್ಥವಾಗಬಾರದೆಂದು ಇನ್‌ಸ್ಟ್ರಕ್ಟರ್ ಬಿಳಿ ಬೋರ್ಡಿನ ಮುಂದೆ 40 ನಿಮಿಷ ಟ್ರಾಫಿಕ್ ಪ್ಯಾಟರ್ನ್, ಅಂದರೆ ನಿಲ್ದಾಣದ ಸುತ್ತ ಹಾರುವ ದಾರಿ, ಬಿಡಿಸಿ ಹೇಳುತ್ತಾನೆ. ಬಿಲ್ ಇಲ್ಲ.

9ರ ವಿದ್ಯಾರ್ಥಿಯೂ ಕಿಟಕಿ ನೋಡುತ್ತ ಕೂರುತ್ತಾನೆ. 10 ದಾಟಿದ ಮೇಲೆ ಮೋಡ ಒಡೆಯುತ್ತದೆ. ಉಳಿದ ಹೊತ್ತಿನಲ್ಲಿ ಒಂದು ಚಿಕ್ಕ ಹಾರಾಟ, ಹಾಬ್ಸ್ 0.8. ಹನ್ನೊಂದರದ್ದು ಸರಿಯಾಗಿ ನಡೆಯುತ್ತದೆ, 1.3. ಮಧ್ಯಾಹ್ನ 1ಕ್ಕೆ ಬರಬೇಕಾದವನು ಬರುವುದೇ ಇಲ್ಲ, ಫೋನೂ ಇಲ್ಲ. ಇನ್‌ಸ್ಟ್ರಕ್ಟರ್ ಒಂದು ಗಂಟೆ ಊಟಕ್ಕೆ ಹೋಗಿ ಬಂದು ಕೌಂಟರಿನಲ್ಲಿ ಕೂರುತ್ತಾನೆ.

3 ಗಂಟೆಯ ಪಾಠ, ಹಾರುವ ಮುನ್ನ ಎಂಜಿನ್ ಪರೀಕ್ಷಿಸುವ ರನ್-ಅಪ್ ಜಾಗದಲ್ಲೇ ಮುಗಿಯುತ್ತದೆ. 1,800 ಆರ್‌ಪಿಎಮ್‌ನಲ್ಲಿ ಕೀಲಿಯನ್ನು ಎಂಜಿನ್ನಿಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೊಗಳಲ್ಲಿ ಎಡದ್ದಕ್ಕೆ ತಿರುಗಿಸಿದರೆ ಮುಳ್ಳು 220ರಷ್ಟು ಕೆಳಗಿಳಿಯುತ್ತದೆ, ಎಂಜಿನ್ ಕುಲುಕುತ್ತದೆ. ಮಿತಿ ಇರುವುದು 150, ಎರಡು ಮ್ಯಾಗ್ನೆಟೊಗಳ ನಡುವಿನ ವ್ಯತ್ಯಾಸಕ್ಕೆ 50. ಸೀಸ ಬೆರೆತ 100ಎಲ್‌ಎಲ್ ಇಂಧನದಲ್ಲಿ ಇದು ದಿನನಿತ್ಯದ ಕಾಟ. ನೆಲದ ಮೇಲೆ ಮಿಕ್ಸ್ಚರ್ ಪೂರ್ತಿ ರಿಚ್ (ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚು) ಇಟ್ಟು ಟ್ಯಾಕ್ಸಿ ಮಾಡುತ್ತ ಹೋದರೆ ಕೆಳಗಿನ ಸ್ಪಾರ್ಕ್ ಪ್ಲಗ್ಗಿಗೆ ಸೀಸದ ಗುಳಿಗೆ ಕಟ್ಟುತ್ತದೆ. ಆರ್‌ಪಿಎಮ್ ಏರಿಸಿ, ಮಿಕ್ಸ್ಚರ್ ಹಿಂದಕ್ಕೆಳೆದು ಒಂದು ನಿಮಿಷ ಸುಟ್ಟರೆ ಹಲವು ಸಲ ಬಿಡುತ್ತದೆ. ಈ ಸಲ ಬಿಡಲಿಲ್ಲ. ವಿಮಾನ ವಾಪಸ್, ದೋಷದ ಪುಸ್ತಕದಲ್ಲಿ ಒಂದು ಸಾಲು, ಮೆಕ್ಯಾನಿಕ್‌ಗೆ ಒಂದು ಫೋನ್. ಹಾಬ್ಸ್ 0.3 ತೋರಿಸುತ್ತಿದೆ. ತಪ್ಪು ವಿಮಾನದ್ದು, ಹಾಗಾಗಿ ವಿದ್ಯಾರ್ಥಿಗೆ ಬಿಲ್ ಹಾಕುವಂತಿಲ್ಲ. ವಿದ್ಯಾರ್ಥಿಗೆ ಬಿಲ್ ಇಲ್ಲವೆಂದರೆ ಇನ್‌ಸ್ಟ್ರಕ್ಟರ್‌ಗೂ ಇಲ್ಲ.

5ರ ಹಾರಾಟ 1.4. ವಿಮಾನ ಕಟ್ಟಿ, ಕವರ್ ಹಾಕಿ, ಲಾಗ್‌ಬುಕ್ ಬರೆದು ಹೊರಬಿದ್ದಾಗ 7:15.

ಹಾಜರಿದ್ದದ್ದು ಹನ್ನೆರಡೂವರೆ ಗಂಟೆ. ಊಟದ ಒಂದು ಗಂಟೆ ಕಳೆದರೆ ಕೆಲಸ 11.5. ಸಂಬಳ ಬಂದದ್ದು 0.8, 1.3, 1.4, ಒಟ್ಟು 3.5 ಗಂಟೆಗೆ. 140 ಡಾಲರ್. ಭಾಗಿಸಿದರೆ ಗಂಟೆಗೆ 12 ಡಾಲರ್ 17 ಸೆಂಟ್. ಆ ವರ್ಷ ಕ್ಯಾಲಿಫೋರ್ನಿಯಾದ ಕನಿಷ್ಠ ಕೂಲಿ ಗಂಟೆಗೆ 16.50, ಕೆಲವು ನಗರಗಳಲ್ಲಿ ಅದಕ್ಕೂ ಹೆಚ್ಚು. ನಿಲ್ದಾಣದ ಗೇಟಿನಾಚೆ ಬರ್ಗರ್ ಕಟ್ಟಿಕೊಡುವ ಹುಡುಗನಿಗೆ ಇವನಿಗಿಂತ ಜಾಸ್ತಿ.

ಒಳ್ಳೆಯ ದಿನದಲ್ಲೂ ಸೋರಿಕೆ

ಮೋಡ, ಮ್ಯಾಗ್ನೆಟೊ, ಬಾರದ ವಿದ್ಯಾರ್ಥಿ ಎಲ್ಲ ಒಂದೇ ದಿನ ಬಂದವು, ಅದು ಕೆಟ್ಟ ದಿನ ಎನ್ನಬಹುದು. ಆದರೆ ಏನೂ ಕೆಡದ ಒಂದು ಸ್ಲಾಟನ್ನೇ ತೆಗೆದುಕೊಳ್ಳಿ. ಎರಡು ಗಂಟೆಯಲ್ಲಿ ಮೊದಲ 10 ನಿಮಿಷ ಇವತ್ತು ಏನು ಮಾಡುತ್ತೇವೆ ಎಂಬ ಮಾತು. ಮುಂದಿನ 15 ನಿಮಿಷ ವಿಮಾನದ ಸುತ್ತ ತಪಾಸಣೆ, ಟ್ಯಾಂಕಿನಿಂದ ಇಂಧನ ತೆಗೆದು ನೀರಿದೆಯೇ ನೋಡುವುದು. ಹಾರಾಟ 72 ನಿಮಿಷ, ಅಂದರೆ ಹಾಬ್ಸ್ 1.2. ಇಳಿದ ಮೇಲೆ ಕಟ್ಟಿಹಾಕುವುದು, ಎಲ್ಲಿ ತಪ್ಪಾಯಿತೆಂದು ಹೇಳುವುದು, ಲಾಗ್‌ಬುಕ್ ಬರೆಯುವುದು, ಬಿಲ್ ಮಾಡುವುದಕ್ಕೆ ಉಳಿದ ಇಪ್ಪತ್ತಮೂರು ನಿಮಿಷ. ಯಾವ ಎಡವಟ್ಟೂ ಇಲ್ಲದ ಪಾಠದಲ್ಲೇ ನೂರಕ್ಕೆ ನಲವತ್ತು ಪಾಲು ಕೆಲಸಕ್ಕೆ ಕೂಲಿ ಇಲ್ಲ.

ಇದರ ಪೆಟ್ಟು ಇನ್‌ಸ್ಟ್ರಕ್ಟರ್ ಜೇಬಿಗೆ ಮಾತ್ರ ಬೀಳುವುದಾಗಿದ್ದರೆ ವಿದ್ಯಾರ್ಥಿಗಳು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಹಾಬ್ಸ್ ಓಡುವಾಗ ಮಾತ್ರ ಸಂಬಳ ಎಂದ ಕೂಡಲೇ ಪಾಠವೂ ಅಲ್ಲಿಗೇ ಸರಿದುಹೋಗುತ್ತದೆ. ಕುರ್ಚಿಯಲ್ಲಿ ಕೂತು ಹೇಳಬೇಕಾದ ವಿಷಯವನ್ನು ಎಂಜಿನ್ ಚಾಲೂ ಇಟ್ಟುಕೊಂಡು, ಹೆಡ್‌ಸೆಟ್ಟಿನ ಗದ್ದಲದಲ್ಲಿ ಹೇಳುತ್ತಾರೆ. ವಿಮಾನದ ಬಾಡಿಗೆ ಗಂಟೆಗೆ 180 ಡಾಲರ್ ಎಂದಿದ್ದರೆ, ಹೀಗೆ ನಿಂತಲ್ಲೇ ಕಳೆದ 0.2ಕ್ಕೆ ವಿದ್ಯಾರ್ಥಿ ತೆರುವುದು ಬಾಡಿಗೆ 36, ಇನ್‌ಸ್ಟ್ರಕ್ಟರ್ ಬಾಬ್ತು 16, ಒಟ್ಟು 52 ಡಾಲರ್. ಅದೇ 12 ನಿಮಿಷ ಬೋರ್ಡಿನ ಮುಂದೆ ಆಗಿದ್ದರೆ, ಬಿಲ್ ಹಾಕಿದರೂ 16ಕ್ಕೆ ಮುಗಿಯುತ್ತಿತ್ತು, ತಲೆಗೂ ಹತ್ತುತ್ತಿತ್ತು. ಹಾರಾಟದ ನಂತರದ ಮಾತಂತೂ ಟ್ಯಾಕ್ಸಿವೇಯಲ್ಲೇ ಎರಡು ವಾಕ್ಯದಲ್ಲಿ ಆಗಿಹೋಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಹಾರಬಾರದ ದಿನ ಹಾರುವ ಆಸೆ. ನೆಗಡಿಯಿಂದ ಕಿವಿ ಕಟ್ಟಿದ್ದರೂ, ಪಕ್ಕೆಗಾಳಿ ವಿದ್ಯಾರ್ಥಿಯ ಮಟ್ಟ ಮೀರಿದ್ದರೂ ‘ನೋಡೋಣ, ಒಂದು ರೌಂಡ್ ಹಾಕೋಣ’ ಎನ್ನುವಂತೆ ಮಾಡುವುದು ಇದೇ ಲೆಕ್ಕ. ಬೇಡ ಎಂದರೆ ಅವತ್ತಿನ ಊಟ ಹೋಯಿತು.

ದಣಿವಿನ ವಿಷಯದಲ್ಲಿ ಅಮೆರಿಕದ ವಿಮಾನಯಾನ ನಿಯಮ ಕೊಡುವ ರಕ್ಷಣೆ ತೀರ ತೆಳು. ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎಯ ನಿಯಮ 61.195ರ ಪ್ರಕಾರ ಯಾವುದೇ 24 ಗಂಟೆಗಳಲ್ಲಿ ಒಬ್ಬ ಇನ್‌ಸ್ಟ್ರಕ್ಟರ್ 8 ಗಂಟೆಗಿಂತ ಹೆಚ್ಚು ಹಾರಾಟ ತರಬೇತಿ ಕೊಡುವಂತಿಲ್ಲ. ಅಷ್ಟೇ. ನೆಲದ ಪಾಠ ಅದರಲ್ಲಿ ಸೇರುವುದಿಲ್ಲ, ಕಾಯುವುದು ಸೇರುವುದಿಲ್ಲ. ಏರ್‌ಲೈನ್ ಪೈಲಟ್‌ಗಳಿಗೆ ಇರುವಂಥ ಡ್ಯೂಟಿಯ ಮಿತಿ, ಇಂತಿಷ್ಟು ವಿಶ್ರಾಂತಿ ಎಂಬ ಕಟ್ಟು ಈ ಕೆಲಸಕ್ಕಿಲ್ಲ. ದಿನಕ್ಕೆ 13 ಗಂಟೆ ಶಾಲೆಯಲ್ಲಿದ್ದು, 8 ಗಂಟೆ ಹಾರಿ, ವಾರದ ಏಳೂ ದಿನ ಹಾಗೇ ಮಾಡಿದರೂ ಎಫ್‌ಎಎ ನಿಯಮ ಮುರಿದಂತಾಗುವುದಿಲ್ಲ.

ಹೀಗಿದ್ದೂ ಒಪ್ಪುವುದೇಕೆ

ಇನ್‌ಸ್ಟ್ರಕ್ಟರ್‌ಗೆ ಸಿಗುವುದು ಎರಡು ಬಗೆಯ ಕೂಲಿ. ಒಂದು ಡಾಲರ್, ಇನ್ನೊಂದು ಗಂಟೆ. ಪಾಠ ಹೇಳಿದ ಪ್ರತಿ ಹಾಬ್ಸ್ ಗಂಟೆಯೂ ಪೈಲಟ್-ಇನ್-ಕಮಾಂಡ್ ಗಂಟೆಯಾಗಿ ಅವನ ಲಾಗ್‌ಬುಕ್ಕಿಗೆ ಹೋಗುತ್ತದೆ. ಅಮೆರಿಕದ ಏರ್‌ಲೈನ್ ಕಾಕ್‌ಪಿಟ್ಟಿನಲ್ಲಿ ಕೂರಲು ಸಾಮಾನ್ಯವಾಗಿ 1,500 ಗಂಟೆ ಬೇಕು. ಮಾನ್ಯತೆ ಪಡೆದ ವಿಮಾನಯಾನ ಪದವಿ ಇದ್ದವರಿಗೆ 1,000, ಅಂಥದ್ದೇ ಎರಡು ವರ್ಷದ ಡಿಗ್ರಿಗೆ 1,250, ಸೇನೆಯಿಂದ ಬಂದವರಿಗೆ 750. ಕಮರ್ಷಿಯಲ್ ಲೈಸೆನ್ಸ್ ಕೈಗೆ ಬರುವಾಗ ಇರುವುದು 250ರ ಆಸುಪಾಸು. ಮಧ್ಯದ ಸಾವಿರಕ್ಕೂ ಮಿಕ್ಕ ಗಂಟೆಗಳನ್ನು ಸ್ವಂತ ದುಡ್ಡಿನಲ್ಲಿ ಹಾರುವುದು ಯಾರ ಕೈಲೂ ಆಗದ ಮಾತು. ಬೇರೆಯವರ ದುಡ್ಡಿನಲ್ಲಿ ಹಾರುವ ಸುಲಭದ ದಾರಿ ಇನ್‌ಸ್ಟ್ರಕ್ಟರ್ ಕೆಲಸ.

ಈ 1,500ರ ಕಟ್ಟಳೆ ಬಂದದ್ದು ಒಂದು ದುರಂತದ ಬೆನ್ನಿಗೆ. 2009ರ ಫೆಬ್ರವರಿ 12ರಂದು ನ್ಯೂಯಾರ್ಕ್ ರಾಜ್ಯದ ಬಫಲೊ ಬಳಿ ಕೋಲ್ಗನ್ ಏರ್ 3407 ವಿಮಾನ ಬಿದ್ದು 50 ಜನ ಸತ್ತರು. 2010ರಲ್ಲಿ ಅಮೆರಿಕ ಕಾಂಗ್ರೆಸ್ ಕಾನೂನು ಮಾಡಿತು, 2013ರಲ್ಲಿ ಜಾರಿಗೆ ಬಂತು. ಆ ವಿಮಾನದ ಇಬ್ಬರು ಪೈಲಟ್‌ಗಳಿಗೂ 1,500ಕ್ಕಿಂತ ಹೆಚ್ಚು ಗಂಟೆಯ ಅನುಭವವಿತ್ತು ಎಂಬುದು ಈಗಲೂ ವಾದಕ್ಕೆ ಬರುವ ಸಂಗತಿ. ಅದು ಸುರಕ್ಷತೆಗೆ ಎಷ್ಟು ನೆರವಾಯಿತೆಂಬ ಚರ್ಚೆ ಏನೇ ಇರಲಿ, ಶಾಲೆಗಳಿಗೆ ಮಾತ್ರ ಕಡಿಮೆ ಸಂಬಳಕ್ಕೆ ಒಪ್ಪುವ, ಗಂಟೆಗೆ ಹಸಿದ ಯುವಕರ ಸಾಲು ತಾನಾಗಿಯೇ ಸಿಕ್ಕಿತು. ಭಾರತದಲ್ಲಿ 200 ಗಂಟೆಯ ಸಿಪಿಎಲ್ (ಕಮರ್ಷಿಯಲ್ ಲೈಸೆನ್ಸ್) ಮತ್ತು ಟೈಪ್ ರೇಟಿಂಗ್ (ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಇದ್ದವರು ನೇರ ಕೋ-ಪೈಲಟ್ ಆಗಬಹುದು. ಹಾಗಾಗಿ ಇಲ್ಲಿ ಇನ್‌ಸ್ಟ್ರಕ್ಟರ್ ಕೆಲಸ ಹತ್ತಲೇಬೇಕಾದ ಮೆಟ್ಟಿಲಲ್ಲ.

ನಮ್ಮ ಪ್ರಕರಣದ ಹುಡುಗ ವಾರಕ್ಕೆ ಸರಾಸರಿ 22 ಹಾಬ್ಸ್ ಗಂಟೆ ಹಾರುತ್ತಾನೆ ಎನ್ನೋಣ. 300ರಿಂದ 1,500ಕ್ಕೆ ಮುಟ್ಟಲು ಸುಮಾರು 55 ವಾರ. ಅವನ ಒಪಿಟಿ ಇರುವುದು 12 ತಿಂಗಳು. ಒಂದು ವಾರವೂ ಬಿಡದೆ ಹಾರಿದರೂ ಅಷ್ಟರೊಳಗೆ ಮುಟ್ಟುವುದು ಕಷ್ಟ, ಮಳೆ, ರಿಪೇರಿ, ರಜೆ ಸೇರಿದರಂತೂ ಇನ್ನೂ ದೂರ. ಹೀಗಾಗಿ ಸಂಬಳದ ಮಾತು ಎತ್ತುವ ಧೈರ್ಯ ಅವನಿಗೆ ಬರುವುದೇ ಇಲ್ಲ. ಇದು ಆಫೀಸಿನಲ್ಲಿ ಸ್ಲಾಟ್ ತುಂಬುವವರಿಗೂ ಗೊತ್ತು.

ಕಾನೂನಿನ ಕಣ್ಣಲ್ಲಿ: ಮೊದಲು ಗುತ್ತಿಗೆಯ ಪ್ರಶ್ನೆ

ಸ್ವತಂತ್ರ ಗುತ್ತಿಗೆದಾರ ಎಂದರೆ ಕನಿಷ್ಠ ಕೂಲಿ ಇಲ್ಲ, ಓವರ್‌ಟೈಮ್ ಇಲ್ಲ, ಕೆಲಸದಲ್ಲಿ ಗಾಯವಾದರೆ ವಿಮೆ ಇಲ್ಲ, ಕೆಲಸ ಹೋದರೆ ನಿರುದ್ಯೋಗ ಭತ್ಯೆ ಇಲ್ಲ. ತೆರಿಗೆಯೂ ಬೇರೆ. ನೌಕರನಾದರೆ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ಆರೋಗ್ಯ ವಿಮೆ) ಬಾಬ್ತು ಶೇಕಡಾ 7.65 ಅವನದು, ಅಷ್ಟೇ ಮಾಲೀಕನದು. 1099 ಆದರೆ ಎರಡೂ ಅವನ ತಲೆಗೆ, ನಿವ್ವಳ ಆದಾಯದ ಶೇಕಡಾ 92.35ರ ಮೇಲೆ 15.3. ವರ್ಷಕ್ಕೆ 44,000 ಡಾಲರ್ ಆದಾಯಕ್ಕೆ ಇದು ಸುಮಾರು 6,217. ನೌಕರನಾಗಿದ್ದರೆ 3,366 ಆಗುತ್ತಿತ್ತು. ಆದಾಯ ತೆರಿಗೆ ಇದರ ಹೊರತು. ಒಂದು ಸೂಕ್ಷ್ಮ ಇದೆ. ಎಫ್-1 ವೀಸಾದಲ್ಲಿದ್ದು, ತೆರಿಗೆ ಲೆಕ್ಕದಲ್ಲಿ ಇನ್ನೂ ಅನಿವಾಸಿಯೇ ಆಗಿರುವವನಿಗೆ ಸಾಮಾನ್ಯವಾಗಿ ಈ ಎರಡು ಬಾಬ್ತುಗಳೂ ಬರುವುದಿಲ್ಲ. ಜೊತೆಯಲ್ಲಿ ದುಡಿಯುವ ಅಮೆರಿಕನ್ ಗೆಳೆಯನ ಲೆಕ್ಕವನ್ನು ಹಾಗೇ ನಕಲು ಮಾಡಬಾರದು.

ಕ್ಯಾಲಿಫೋರ್ನಿಯಾದಲ್ಲಿ ಈ ಪ್ರಶ್ನೆ ಬೇಗ ಇತ್ಯರ್ಥವಾಗುತ್ತದೆ. ಅಲ್ಲಿನ ಸುಪ್ರೀಂ ಕೋರ್ಟ್ 2018ರ ಡೈನಮೆಕ್ಸ್ ತೀರ್ಪಿನಲ್ಲಿ ಕೊಟ್ಟ ಎಬಿಸಿ ಪರೀಕ್ಷೆಯನ್ನು ಎಬಿ 5 ಕಾನೂನು 2020ರ ಜನವರಿ 1ರಿಂದ ಗಟ್ಟಿಮಾಡಿತು. ಮೂರು ಅಂಶಗಳನ್ನೂ ಮಾಲೀಕನೇ ಸಾಬೀತು ಮಾಡಬೇಕು, ಒಂದು ತಪ್ಪಿದರೂ ಕೆಲಸಗಾರ ನೌಕರನೇ. ಮೊದಲನೆಯದು, ಕೆಲಸದ ಮೇಲೆ ಮಾಲೀಕನ ಹಿಡಿತ ಇರಬಾರದು. ಎರಡನೆಯದು, ಆ ಕೆಲಸ ಮಾಲೀಕನ ಮಾಮೂಲಿ ವ್ಯಾಪಾರಕ್ಕೆ ಹೊರತಾಗಿರಬೇಕು. ಮೂರನೆಯದು, ಕೆಲಸಗಾರ ಅದೇ ಬಗೆಯ ಸ್ವಂತ ವ್ಯವಹಾರ ನಡೆಸುತ್ತಿರಬೇಕು. ಫ್ಲೈಯಿಂಗ್ ಸ್ಕೂಲಿನ ವ್ಯಾಪಾರವೇ ಹಾರಲು ಕಲಿಸುವುದು. ಎರಡನೆಯ ಅಂಶದಲ್ಲೇ ಶಾಲೆ ಎಡವುತ್ತದೆ. ಶರ್ಟು, ಸ್ಲಾಟು, ಹೊರಗೆ ಪಾಠ ಹೇಳಬಾರದೆಂಬ ಷರತ್ತು ಉಳಿದ ಎರಡನ್ನೂ ಮುಗಿಸುತ್ತವೆ. ತನ್ನದೇ ಗಿರಾಕಿಗಳನ್ನು ಹುಡುಕಿಕೊಂಡು, ತನ್ನದೇ ದರ ಹೇಳಿ, ವಿಮಾನ ಇದ್ದವರ ವಿಮಾನದಲ್ಲೇ ಪಾಠ ಹೇಳುವ ಬಿಡಿ ಇನ್‌ಸ್ಟ್ರಕ್ಟರ್ ಕಥೆ ಬೇರೆ.

‘ಶಿಕ್ಷಕ’ ಎಂಬ ಕೊಕ್ಕೆ

ನೌಕರ ಎಂದಾದ ಮೇಲೆ ಎಲ್ಲ ಸಲೀಸು ಎಂದುಕೊಳ್ಳಬೇಡಿ. ಅಮೆರಿಕದ ಕೇಂದ್ರ ಕೂಲಿ ಕಾನೂನಿನಲ್ಲಿ, ಅಂದರೆ 1938ರ ಎಫ್‌ಎಲ್‌ಎಸ್‌ಎಯಲ್ಲಿ, ಶಿಕ್ಷಕರಿಗೆ ಕನಿಷ್ಠ ಕೂಲಿಯೂ ಓವರ್‌ಟೈಮೂ ಅನ್ವಯಿಸದು. ಅದರ ನಿಯಮಾವಳಿಯ 541.303ರಲ್ಲಿ ಯಾರು ಯಾರು ಶಿಕ್ಷಕರು ಎಂದು ಪಟ್ಟಿ ಮಾಡುವಾಗ, ಕಾರು ಕಲಿಸುವವರ ಪಕ್ಕದಲ್ಲೇ ವಿಮಾನ ಹಾರಾಟದ ಇನ್‌ಸ್ಟ್ರಕ್ಟರ್‌ಗಳ ಹೆಸರೂ ಬರುತ್ತದೆ. ಶಾಲೆಯ ವಕೀಲರು ಮೊದಲು ಬೆರಳಿಡುವುದು ಇಲ್ಲೇ. ಉಳಿದ ವೃತ್ತಿಪರರಿಗೆ ಇರುವಂತೆ ಕನಿಷ್ಠ ಇಂತಿಷ್ಟು ನಿಗದಿತ ಸಂಬಳ ಕೊಟ್ಟಿರಬೇಕೆಂಬ ಷರತ್ತೂ ಶಿಕ್ಷಕರ ವಿಷಯದಲ್ಲಿ ಇಲ್ಲ.

ಆದರೆ ಅದೇ ನಿಯಮದಲ್ಲಿ ಇನ್ನೊಂದು ತುದಿ ಇದೆ. ಆ ಶಿಕ್ಷಕ ‘ಶಿಕ್ಷಣ ಸಂಸ್ಥೆ’ಯಲ್ಲಿ ದುಡಿಯುತ್ತಿರಬೇಕು. ಶಾಲೆ, ಕಾಲೇಜು ಸರಿ. ವೃತ್ತಿ ತರಬೇತಿ ಕೊಡುವ ಖಾಸಗಿ ಸಂಸ್ಥೆಯಾದರೆ ರಾಜ್ಯದ ಶಿಕ್ಷಣ ಇಲಾಖೆಯ ಪರವಾನಗಿ ಇದೆಯೇ, ರಾಷ್ಟ್ರೀಯ ಮಟ್ಟದ ಮಾನ್ಯತೆ ಇದೆಯೇ ಎಂಬುದನ್ನೆಲ್ಲ ನೋಡುತ್ತಾರೆ. ಹ್ಯಾಂಗರ್ ಬಾಡಿಗೆಗೆ ಹಿಡಿದು ನಾಲ್ಕು ಸೆಸ್ನಾ ಇಟ್ಟುಕೊಂಡವರು ಈ ಗೆರೆ ದಾಟುವರೇ ಎಂಬುದು ಒಂದೊಂದು ಪ್ರಕರಣದಲ್ಲೂ ಬೇರೆ ಬೇರೆಯಾಗಿ ತೀರ್ಮಾನವಾಗುವ ಮಾತು. ನಮ್ಮ ಉದಾಹರಣೆಯ ಹುಡುಗನಿಗೆ ವೀಸಾ ಕೊಡಿಸಿದ್ದು ಒಂದು ಕಾಲೇಜು, ಈಗ ಕೆಲಸ ಕೊಟ್ಟದ್ದು ಅದಕ್ಕೆ ವಿಮಾನ ಒದಗಿಸುವ ಖಾಸಗಿ ಶಾಲೆ ಎಂದಾದರೆ, ಸಂಬಳದ ಚೆಕ್ಕಿನ ಮೇಲೆ ಯಾರ ಹೆಸರಿದೆ ಎಂಬುದೂ ಮುಖ್ಯವಾಗುತ್ತದೆ.

ಕೇಂದ್ರ ಕಾನೂನಿನ ಇನ್ನೊಂದು ಮಿತಿ ಅದರ ದರ. ಗಂಟೆಗೆ 7.25 ಡಾಲರ್, 2009ರ ಜುಲೈಯಿಂದ ಕದಲಿಲ್ಲ. ಅದೂ ವಾರದ ಸರಾಸರಿಯಲ್ಲಿ ಕೂಡಿದರೆ ಸಾಕು. 60 ಗಂಟೆ ದುಡಿದು 22 ಹಾಬ್ಸ್‌ಗೆ 880 ಡಾಲರ್ ಪಡೆದರೆ ಸರಾಸರಿ 14.67. ಕನಿಷ್ಠ ಕೂಲಿಯ ದೂರು ಅಲ್ಲಿ ನಿಲ್ಲುವುದಿಲ್ಲ, 40ರ ಮೇಲಿನ ಓವರ್‌ಟೈಮ್ ಮಾತ್ರ ಉಳಿಯುತ್ತದೆ. ಟೆಕ್ಸಸ್ ಥರದ, ತನ್ನದೇ ಹೆಚ್ಚಿನ ದರ ಇಲ್ಲದ ರಾಜ್ಯದಲ್ಲಿ ಇದೇ ಹುಡುಗ ಇದ್ದಿದ್ದರೆ ಕೈಗೆ ಬರುತ್ತಿದ್ದದ್ದು ಬಹಳ ಕಡಿಮೆ.

ಕ್ಯಾಲಿಫೋರ್ನಿಯಾ ಲೆಕ್ಕ

ಕ್ಯಾಲಿಫೋರ್ನಿಯಾದ ‘ಶಿಕ್ಷಕ’ ವಿನಾಯಿತಿ ತುಂಬ ಕಿರಿದು. ರಾಜ್ಯದ ಬೋಧನಾ ಸರ್ಟಿಫಿಕೇಟ್ ಇರಬೇಕು ಅಥವಾ ಮಾನ್ಯ ಕಾಲೇಜಿನಲ್ಲಿ ಪಾಠ ಹೇಳುತ್ತಿರಬೇಕು, ಜೊತೆಗೆ ನಿಗದಿತ ಮಟ್ಟದ ಸಂಬಳವೂ ಬೇಕು. ಹಾಬ್ಸ್ ಮೇಲೆ ದುಡಿಯುವವನು ಅದರೊಳಗೆ ಬರುವುದಿಲ್ಲ. ಸರಾಸರಿ ಹಾಕುವುದಕ್ಕೂ ಅಲ್ಲಿ ಅವಕಾಶವಿಲ್ಲ. 2005ರ ಆರ್ಮೆಂಟಾ ಎಂಬ ಕೋರ್ಟ್ ತೀರ್ಪಿನ ನಂತರ ದುಡಿದ ಪ್ರತಿ ಗಂಟೆಗೂ ಕನಿಷ್ಠ ಕೂಲಿ ಬೇಕು. ಇದಕ್ಕೆ ಹತ್ತಿರದ ಹೋಲಿಕೆ 2013ರಲ್ಲಿ ಬಂತು, ಲಾಸ್ ಏಂಜಲಿಸ್‌ನ ಕಾರು ಮೆಕ್ಯಾನಿಕ್‌ಗಳ ಪ್ರಕರಣದಲ್ಲಿ. ರಿಪೇರಿ ಒಂದಕ್ಕೆ ಇಷ್ಟು ಗಂಟೆ ಎಂದು ಸಂಬಳ ಕೊಡುತ್ತಿದ್ದ ಡೀಲರ್, ಕಾರು ಬಾರದೆ ಕಾಯ್ದ ಹೊತ್ತಿಗೂ ಬೇರೆಯಾಗಿ ಕೂಲಿ ಕೊಡಬೇಕೆಂದು ಕೋರ್ಟ್ ಹೇಳಿತು. 2016ರ ಜನವರಿ 1ರಿಂದ ಕಾರ್ಮಿಕ ಸಂಹಿತೆಯ 226.2 ಅದನ್ನು ಕಾನೂನನ್ನಾಗಿಯೇ ಮಾಡಿದೆ. ತುಂಡುಗೆಲಸದ ದರದಲ್ಲಿ ದುಡಿಯುವವರಿಗೆ ವಿರಾಮಕ್ಕೂ, ಉತ್ಪಾದನೆಯಲ್ಲದ ಹೊತ್ತಿಗೂ ಪ್ರತ್ಯೇಕ ಕೂಲಿ, ಸಂಬಳದ ಚೀಟಿಯಲ್ಲಿ ಪ್ರತ್ಯೇಕ ಸಾಲು. ಹಾಬ್ಸ್ ದರವನ್ನೂ ಇದೇ ಜಾತಿಯದೆಂದು ವಾದಿಸುವುದು ಕಷ್ಟವಲ್ಲ.

ಈಗ ಆ ಮಂಗಳವಾರವನ್ನು ಮತ್ತೆ ಕೂಡೋಣ. ಹಾಬ್ಸ್‌ನ 3.5 ಗಂಟೆಗೆ 140. ಉಳಿದ 8 ಗಂಟೆಗೆ 16.50ರಂತೆ 132. ಒಟ್ಟು 272. ಇದನ್ನು 11.5ರಿಂದ ಭಾಗಿಸಿದರೆ ಗಂಟೆಯ ದರ 23.65. ದಿನಕ್ಕೆ 8 ಗಂಟೆ ಮೀರಿದರೆ ಅಲ್ಲಿ ಓವರ್‌ಟೈಮ್. ಮೂಲ ದರ ಒಳಗೇ ಸೇರಿರುವುದರಿಂದ 3.5 ಗಂಟೆಗೆ ಅರ್ಧ ದರ ಸೇರಿಸಬೇಕು, 41.39. ಐದನೇ ಗಂಟೆ ಮುಗಿಯುವ ಮೊದಲು ಊಟಕ್ಕೆ ಬಿಡಬೇಕಿತ್ತು, ಅಂದರೆ 11:45ರೊಳಗೆ. ಬಿಟ್ಟದ್ದು 1ರ ನಂತರ, ಆದ್ದರಿಂದ ಒಂದು ಗಂಟೆಯ ಹೆಚ್ಚುವರಿ ಕೂಲಿ, 23.65. ಎಲ್ಲ ಸೇರಿ 337 ಡಾಲರ್ 4 ಸೆಂಟ್. ಕೈಗೆ ಬಂದದ್ದು 140.

ವಾರದ ಲೆಕ್ಕವೂ ಹೀಗೆಯೇ. ಆರು ದಿನ, ದಿನಕ್ಕೆ ಸರಾಸರಿ 10 ಗಂಟೆ. 880ಕ್ಕೆ ಹಾರದ 38 ಗಂಟೆಯ 627 ಸೇರಿದರೆ 1,507. ಓವರ್‌ಟೈಮ್ 20 ಗಂಟೆ, ಅದರ ಅರ್ಧ ದರ 251. ಒಟ್ಟು 1,758. ಕೊಡಬೇಕಾದ್ದರ ಅರ್ಧವನ್ನಷ್ಟೇ ಶಾಲೆ ಕೊಡುತ್ತಿದೆ.

ಶಾಲೆಗೂ ಹೇಳಿಕೊಳ್ಳಲು ಎರಡು ಮಾತಿವೆ. ಒಂದು, ಕಾಯುವ ಹೊತ್ತು ಅವನದೇ ಅಲ್ಲವೇ ಎಂಬುದು. ಎರಡು ಗಂಟೆ ಪೂರ್ತಿ ಬಿಡುವು, ಎಲ್ಲಿ ಬೇಕಾದರೂ ಹೋಗಿ ಬಾ ಎಂದು ಮೊದಲೇ ಹೇಳಿದ್ದರೆ ಆ ಮಾತು ನಿಲ್ಲುತ್ತದೆ. ಕೌಂಟರಿನಲ್ಲಿ ಕೂರಿಸಿದ ಮೇಲೆ ನಿಲ್ಲದು. ಇನ್ನೊಂದು ಹವಾಮಾನ. ಕೆಲಸಕ್ಕೆ ಕರೆಸಿ ಅರ್ಧಕ್ಕೇ ಕಳಿಸಿದರೆ ಕೊಡಬೇಕಾದ ಹಾಜರಿ ಕೂಲಿಗೆ, ಮಾಲೀಕನ ಕೈಮೀರಿದ ಕಾರಣವಿದ್ದರೆ ವಿನಾಯಿತಿ ಇದೆ. ಮೋಡಕ್ಕೆ ಅದು ಹೊಂದಬಹುದು. ಆದರೆ ವಿನಾಯಿತಿ ಮನೆಗೆ ಕಳಿಸಿದ ಹೊತ್ತಿಗೆ ಮಾತ್ರ. ಮೋಡ ನೋಡುತ್ತ ಶಾಲೆಯಲ್ಲೇ ಕಳೆದ ಹೊತ್ತು ದುಡಿದ ಹೊತ್ತೇ.

ಡಿಡಕ್ಟಿಬಲ್ ಷರತ್ತು ಕಾಗದದ ಮೇಲಿದ್ದರೂ ನೌಕರನ ಮೇಲೆ ಅಲ್ಲಿ ನಡೆಯದು. ಸಾಮಾನ್ಯ ಕೈತಪ್ಪಿನಿಂದಾದ ನಷ್ಟವನ್ನು ನೌಕರನ ಸಂಬಳದಿಂದ ಹಿಡಿಯುವಂತಿಲ್ಲ. ಕೆಲಸಕ್ಕೆ ಬೇಕೇಬೇಕೆಂದು ಮಾಡಿಸಿದ ಖರ್ಚನ್ನೂ, ಅಂದರೆ ಐಪ್ಯಾಡಿನ ನಕ್ಷೆಯ ಚಂದಾ, ಫೋನ್ ಬಿಲ್ಲಿನ ಪಾಲನ್ನು, ಕಾರ್ಮಿಕ ಸಂಹಿತೆಯ 2802ರಡಿ ಕೇಳಬಹುದು.

ಕೇಳಬೇಕೆಂದರೆ

ದಾಖಲೆ ಇಲ್ಲದೆ ಏನೂ ನಡೆಯದು. ಲಾಗ್‌ಬುಕ್ಕಿನಲ್ಲಿ ಹಾರಿದ ಗಂಟೆ ಇರುತ್ತದೆ, ಹಾರದ ಗಂಟೆ ಇರುವುದಿಲ್ಲ. ಬೇಕಿರುವುದು ಅದೇ. ದಿನಕ್ಕೊಂದು ಸಾಲು ಸಾಕು: ಬಂದ ಹೊತ್ತು, ಹೋದ ಹೊತ್ತು, ಊಟ, ರದ್ದಾದ ಪಾಠ ಮತ್ತು ಕಾರಣ. ಸ್ಲಾಟ್ ಬುಕ್ ಮಾಡುವ ಆ್ಯಪ್‌ನ ಪರದೆಯನ್ನು ಆಯಾ ದಿನವೇ ಫೋಟೋ ಹಿಡಿದಿಡಬೇಕು, ಕೆಲಸ ಬಿಟ್ಟ ದಿನವೇ ಲಾಗಿನ್ ಮುಚ್ಚಿಹೋಗುತ್ತದೆ. ‘ಕೌಂಟರ್ ನೋಡ್ಕೋ’ ಎಂಬ ಮೆಸೇಜ್ ಅಳಿಸಬಾರದು. ಆ ಬೆಳಿಗ್ಗೆ ಮೋಡ ಎಷ್ಟು ಅಡಿಯಲ್ಲಿತ್ತು ಎಂಬುದಕ್ಕೆ ನಿಲ್ದಾಣದ ಹಳೆಯ ಮೆಟಾರ್ ಹವಾಮಾನ ವರದಿಗಳೇ ಸಾಕ್ಷಿ.

ದೂರು ಕೊಡುವುದು ರಾಜ್ಯದ ಲೇಬರ್ ಕಮಿಷನರ್ ಕಚೇರಿಯಲ್ಲಿ. ಶುಲ್ಕ ಇಲ್ಲ, ವಕೀಲ ಬೇಕೆಂದಿಲ್ಲ, ವೀಸಾ ಏನೆಂದು ಕೇಳುವುದಿಲ್ಲ. ಮೊದಲು ಇಬ್ಬರನ್ನೂ ಕೂರಿಸಿ ರಾಜಿಯ ಪ್ರಯತ್ನ, ಆಗದಿದ್ದರೆ ವಿಚಾರಣೆ. ಮೂರು ವರ್ಷ ಹಿಂದಿನವರೆಗಿನ ಬಾಕಿ ಕೇಳಬಹುದು. ಕೇಂದ್ರ ಕಾನೂನಿನಲ್ಲಾದರೆ ಎರಡು ವರ್ಷ, ಮಾಲೀಕ ಗೊತ್ತಿದ್ದೂ ಮಾಡಿದ್ದರೆ ಮೂರು. ಕೆಲಸ ಬಿಟ್ಟ ಮೇಲೂ ಬಾಕಿಯನ್ನು ಬೇಕೆಂದೇ ಕೊಡದಿದ್ದರೆ 30 ದಿನದ ಕೂಲಿಯವರೆಗೆ ದಂಡ ಬೀಳಬಹುದು. 1099 ಸರಿಯೇ ಎಂಬುದನ್ನು ಕೇಂದ್ರ ತೆರಿಗೆ ಇಲಾಖೆಯಿಂದಲೇ ತೀರ್ಮಾನಿಸಲು ಎಸ್‌ಎಸ್-8 ಎಂಬ ಫಾರ್ಮ್ ಇದೆ.

ದೂರು ಕೊಟ್ಟವನನ್ನು ತೆಗೆದುಹಾಕುವುದು ಕಾನೂನುಬಾಹಿರ. ಹಾಗೆಂದು ತೆಗೆಯುವುದಿಲ್ಲ ಎಂದಲ್ಲ. ಒಪಿಟಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ, ವಾರಕ್ಕೆ ಕನಿಷ್ಠ 20 ಗಂಟೆ ಕೆಲಸವಿರಬೇಕು. ಕೆಲಸ ಬದಲಾದರೆ ಕಾಲೇಜಿನ ವೀಸಾ ಅಧಿಕಾರಿಗೆ 10 ದಿನದೊಳಗೆ ತಿಳಿಸಬೇಕು. ವೃತ್ತಿ ತರಬೇತಿಗೆ ಕೊಡುವ ಎಂ-1 ವೀಸಾದವರ ಪಾಡು ಇನ್ನೂ ಬಿಗಿ. ನಾಲ್ಕು ತಿಂಗಳ ಓದಿಗೆ ಒಂದು ತಿಂಗಳಂತೆ, ಹೆಚ್ಚೆಂದರೆ ಆರು ತಿಂಗಳ ಕೆಲಸ. ಆದ್ದರಿಂದ ಇನ್ನೊಂದು ಶಾಲೆಯ ಕೆಲಸ ಗಟ್ಟಿಮಾಡಿಕೊಂಡು ಆಮೇಲೆ ದೂರಿಗೆ ಸಹಿ ಹಾಕುವುದು ಜಾಣತನ. ಮೂರು ವರ್ಷದ ಅವಧಿ ಇರುವುದರಿಂದ ಅವಸರವೇನಿಲ್ಲ.

ಶಾಲೆ ಉಳಿಯುತ್ತದೆಯೇ

ಮಾಲೀಕರ ಉತ್ತರ ಯಾವಾಗಲೂ ಒಂದೇ: ಇಷ್ಟು ಕೊಟ್ಟರೆ ಬಾಗಿಲು ಹಾಕಬೇಕು. ಈಗಿನ ಬಿಲ್ ಹಾಕುವ ರೀತಿಯಲ್ಲಿ ಅದು ಸುಳ್ಳಲ್ಲ. ವಾರಕ್ಕೆ 22 ಗಂಟೆಗೆ 80ರಂತೆ ವಿದ್ಯಾರ್ಥಿಗಳಿಂದ ಬರುವುದು 1,760. ಕಾನೂನಿನಂತೆ ಕೊಡಬೇಕಾದ್ದು 1,758. ಉಳಿಯುವುದು 2 ಡಾಲರ್.

ಆದರೆ ಸೋರುತ್ತಿರುವುದು ಎರಡು ಕಡೆ, ಎರಡೂ ಶಾಲೆಯ ಕೈಯಲ್ಲೇ ಇವೆ. ವಾರಕ್ಕೆ 18 ಪಾಠ ಎಂದಿಟ್ಟುಕೊಂಡು, ಪಾಠಕ್ಕೆ ಅರ್ಧ ಗಂಟೆ ನೆಲದ ಬೋಧನೆಯನ್ನೂ ಬಿಲ್ಲಿಗೆ ಸೇರಿಸಿದರೆ 9 ಗಂಟೆ, 720 ಡಾಲರ್. ವಿದ್ಯಾರ್ಥಿಗೆ ಪಾಠಕ್ಕೆ 40 ಹೆಚ್ಚು ಬೀಳುತ್ತದೆ ನಿಜ. ಎಂಜಿನ್ ಓಡಿಸಿಕೊಂಡು ಪಾಠ ಕೇಳುವುದು ತಪ್ಪಿದರೆ, ಒಂದು ಹಾರಾಟದ ಕಸರತ್ತನ್ನು ಮೂರು ಸಲದ ಬದಲು ಎರಡೇ ಸಲಕ್ಕೆ ಕಲಿತರೆ, ಅದರ ಬಹುಪಾಲು ಬಾಡಿಗೆಯಲ್ಲೇ ವಾಪಸ್ ಬರುತ್ತದೆ. ಇನ್ನೊಂದು ಸೋರಿಕೆ ವೇಳಾಪಟ್ಟಿಯದು. ಮೇ, ಜೂನಿನಲ್ಲಿ ಕರಾವಳಿಯ ನಿಲ್ದಾಣದಲ್ಲಿ 7ರ ಸ್ಲಾಟ್ ಇಡುವುದೇ ತಪ್ಪು. ಅದನ್ನು ನೆಲದ ಪಾಠಕ್ಕೋ ಸಿಮ್ಯುಲೇಟರಿಗೋ ಬಿಟ್ಟು, ಇನ್‌ಸ್ಟ್ರಕ್ಟರ್‌ನನ್ನು 10ಕ್ಕೆ ಕರೆದರೆ ಓವರ್‌ಟೈಮ್ ಬಹುಪಾಲು ತಪ್ಪುತ್ತದೆ. 24 ಗಂಟೆ ಮುಂಚೆ ತಿಳಿಸದೆ ಬಾರದವನಿಗೆ ಒಂದು ಗಂಟೆಯ ಬಿಲ್, ಅದರಲ್ಲಿ ಇನ್‌ಸ್ಟ್ರಕ್ಟರ್ ಪಾಲು ಎಂದು ಬರೆದಿಟ್ಟರೆ ‘ಫೋನೂ ಇಲ್ಲ’ ಎಂಬ ಗಿರಾಕಿ ತಿಂಗಳೊಳಗೆ ಸರಿಹೋಗುತ್ತಾನೆ.

ಕೆಲಸಕ್ಕೆ ಸೇರುವ ಮೊದಲು ಕೇಳಬೇಕಾದ್ದು ಗಂಟೆಗೆ ಎಷ್ಟು ಎಂದಲ್ಲ. 40 ಡಾಲರ್ ಹಾಬ್ಸ್ ಶಾಲೆಗಿಂತ, ಬಂದ ಹೊತ್ತಿನಿಂದ ಹೋದ ಹೊತ್ತಿನವರೆಗೆ 22 ಕೊಡುವ ಶಾಲೆ ಮೇಲು. ಆ ಮಂಗಳವಾರವನ್ನೇ ಇಟ್ಟು ನೋಡಿದರೆ ಮೊದಲನೆಯದು ಕೊಟ್ಟದ್ದು 140, ಎರಡನೆಯದು ಓವರ್‌ಟೈಮ್ ಬಿಟ್ಟೇ 253 ಕೊಡುತ್ತಿತ್ತು. ಹಾಗಾಗಿ ಕೇಳಬೇಕಾದ್ದು ಇಷ್ಟು: ಯಾವ ಗಡಿಯಾರ, ನೌಕರರಿಗೆ ಕೊಡುವ ಡಬ್ಲ್ಯು-2 ಫಾರ್ಮೋ 1099 ಫಾರ್ಮೋ, ಪಾಠ ರದ್ದಾದರೆ ನಾನು ಎಲ್ಲಿರಬೇಕು, ಈಗಿರುವ ಇನ್‌ಸ್ಟ್ರಕ್ಟರ್‌ಗಳು ಕಳೆದ ಜೂನಿನಲ್ಲಿ ಎಷ್ಟು ಗಂಟೆ ಹಾರಿದರು. ಕೊನೆಯ ಪ್ರಶ್ನೆಯನ್ನು ಆಫೀಸಿನಲ್ಲಿ ಕೇಳುವುದಕ್ಕಿಂತ, ಸಂಜೆ ವಿಮಾನಕ್ಕೆ ಕವರ್ ಹಾಕುತ್ತಿರುವವನನ್ನು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.